ಮರೆಯಲ್ಲಿ ನಿಂತು ಬರೆದವರು: ಮಾರಿಸ್ ಬ್ಲಾಂಶೋ ಕುರಿತ ಓದುಗರ ಪ್ರಶ್ನೆಗಳು

ಇಪ್ಪತ್ತನೆಯ ಶತಮಾನದ ಫ್ರೆಂಚ್ ಚಿಂತಕ, ಕಾದಂಬರಿಕಾರ, ವಿಮರ್ಶಕ ಮಾರಿಸ್ ಬ್ಲಾಂಶೋ ಅವರ ಬದುಕು ಮತ್ತು ವಿಚಾರಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ಆಶಯದ ಪತ್ರಗಳನ್ನು ಒಂದೇ ಪ್ರಶ್ನೆಯಾಗಿ ಸೇರಿಸಲಾಗಿದೆ.

ಪ್ರಶ್ನೆ: ಫ್ರೆಂಚ್ ಚಿಂತಕರಾದ ಫೂಕೋ, ಡೆರಿಡಾ ಅವರ ಕುರಿತು ಓದುವಾಗಲೆಲ್ಲ ಬ್ಲಾಂಶೋ ಎಂಬ ಹೆಸರು ಎದುರಾಗುತ್ತದೆ. ಆದರೆ ಅವರ ಸಂದರ್ಶನವಾಗಲಿ ಭಾವಚಿತ್ರವಾಗಲಿ ಸಿಗುವುದೇ ಅಪರೂಪ. ಅವರು ಯಾರು? ಹೀಗೆ ಅವಿತುಕೊಂಡು ಬದುಕಿದ್ದೇಕೆ?

ಉತ್ತರ: ಬ್ಲಾಂಶೋ ಹುಟ್ಟಿದ್ದು 1907ರ ಸೆಪ್ಟೆಂಬರ್ 22ರಂದು, ಪೂರ್ವ ಫ್ರಾನ್ಸಿನ ಸೋನ್-ಎ-ಲ್ವಾರ್ ಪ್ರಾಂತದ ಕ್ಯಾಂ ಎಂಬ ಹಳ್ಳಿಯಲ್ಲಿ, ಅನುಕೂಲಸ್ಥ ಕ್ಯಾಥೊಲಿಕ್ ಮನೆತನದಲ್ಲಿ. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಲಿಥುವೇನಿಯಾದಿಂದ ಬಂದಿದ್ದ ಯಹೂದಿ ವಿದ್ಯಾರ್ಥಿ ಎಮಾನುಯೆಲ್ ಲೆವಿನಾಸ್ ಅವರ ಗೆಳೆತನವಾಯಿತು. ಲೆವಿನಾಸ್ ಇವರಿಗೆ ಜರ್ಮನ್ ತತ್ತ್ವಜ್ಞಾನಿಗಳಾದ ಹುಸರ್ಲ್ ಮತ್ತು ಹೈಡೆಗರ್ ಅವರನ್ನು ಪರಿಚಯಿಸಿದರೆ, ಇವರು ಲೆವಿನಾಸ್ ಅವರಿಗೆ ಫ್ರೆಂಚ್ ಲೇಖಕರಾದ ಪ್ರೂಸ್ತ್ ಮತ್ತು ವಲೆರಿಯ ರುಚಿ ಹತ್ತಿಸಿದರು. ಆ ಸ್ನೇಹ 1995ರಲ್ಲಿ ಲೆವಿನಾಸ್ ತೀರಿಕೊಳ್ಳುವವರೆಗೂ ಉಳಿಯಿತು. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪತ್ರಕರ್ತರಾಗಿದ್ದ ಬ್ಲಾಂಶೋ 1941ರಲ್ಲಿ ಮೊದಲ ಕಾದಂಬರಿಯನ್ನು ಪ್ರಕಟಿಸಿದರು. ಯುದ್ಧ ಮುಗಿದ ಮೇಲೆ ಮೆಡಿಟರೇನಿಯನ್ ಕಡಲ ಮೇಲಿನ ಎಝ್ ಎಂಬ ಗುಡ್ಡದೂರಿನಲ್ಲಿ ಸುಮಾರು ಹತ್ತು ವರ್ಷ ಹೆಚ್ಚುಕಡಿಮೆ ಒಂಟಿಯಾಗಿ ನೆಲೆಸಿ, ತಮ್ಮ ಮುಖ್ಯ ಕೃತಿಗಳ ಬಹುಭಾಗವನ್ನು ಅಲ್ಲಿಯೇ ಬರೆದರು. ವಿಶ್ವವಿದ್ಯಾಲಯದ ಹುದ್ದೆ ಹಿಡಿಯಲಿಲ್ಲ. ಪಾಠ ಹೇಳಲಿಲ್ಲ, ವೇದಿಕೆ ಏರಲಿಲ್ಲ. 2003ರ ಫೆಬ್ರವರಿ 20ರಂದು, 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದ ಲೇಖಕ ಪರಿಚಯ ಎರಡೇ ವಾಕ್ಯಗಳದ್ದು: ಕಾದಂಬರಿಕಾರ ಮತ್ತು ವಿಮರ್ಶಕ, 1907ರಲ್ಲಿ ಜನನ, ಅವರ ಬದುಕು ಸಂಪೂರ್ಣವಾಗಿ ಸಾಹಿತ್ಯಕ್ಕೂ, ಸಾಹಿತ್ಯಕ್ಕೇ ಸೇರಿದ ಮೌನಕ್ಕೂ ಮೀಸಲು. ಇದನ್ನು ಪ್ರಚಾರದ ತಂತ್ರವೆಂದು ನಕ್ಕವರಿದ್ದಾರೆ. ಕಾಣಿಸಿಕೊಳ್ಳದಿರುವುದೂ ಒಂದು ಬಗೆಯ ಪ್ರದರ್ಶನವೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. 1980ರ ದಶಕದಲ್ಲಿ ಒಂದು ಸಾಹಿತ್ಯ ಪತ್ರಿಕೆ ಅಂಗಡಿಯೊಂದರ ವಾಹನ ನಿಲುಗಡೆಯಲ್ಲಿ ಅವರಿಗೆ ತಿಳಿಯದಂತೆ ತೆಗೆದ ಚಿತ್ರವನ್ನು ಪ್ರಕಟಿಸಿದ್ದು ಆ ಕುತೂಹಲ ಎಷ್ಟು ಬೆಳೆದಿತ್ತೆಂಬುದನ್ನು ತೋರಿಸುತ್ತದೆ. ಆದರೂ ಅವರ ವಿಚಾರಕ್ಕೂ ಈ ಮರೆಗೂ ನೇರವಾದ ನಂಟಿದೆ. ಕೃತಿ ಮುಗಿದ ಗಳಿಗೆಯಲ್ಲಿ ಅದು ತನ್ನನ್ನು ಬರೆದವನನ್ನು ಹೊರಗೆ ಕಳುಹಿಸುತ್ತದೆ, ಅದರ ಬಗ್ಗೆ ಅಧಿಕಾರದಿಂದ ಮಾತನಾಡುವ ಹಕ್ಕು ಅವನಿಗೆ ಉಳಿಯುವುದಿಲ್ಲ ಎಂದು ನಂಬಿದವರು ಸಂದರ್ಶನಕ್ಕೆ ಕೂತು ತಮ್ಮ ಕೃತಿಯನ್ನು ವಿವರಿಸಿದ್ದರೆ ಅದೇ ಅಸಂಗತವಾಗುತ್ತಿತ್ತು.

ಒಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. ಫೂಕೋ 1966ರಲ್ಲಿ ‘ಕ್ರಿತಿಕ್’ ಪತ್ರಿಕೆಯ ವಿಶೇಷ ಸಂಚಿಕೆಗಾಗಿ ಬ್ಲಾಂಶೋ ಬಗ್ಗೆ ದೀರ್ಘ ಪ್ರಬಂಧ ಬರೆದಿದ್ದರು, ಆದರೆ ಅವರನ್ನು ಕಂಡಿರಲಿಲ್ಲ. ಫೂಕೋ ತೀರಿಕೊಂಡ ಮೇಲೆ 1986ರಲ್ಲಿ ಬ್ಲಾಂಶೋ ಒಂದು ಪುಟ್ಟ ಪುಸ್ತಕ ಬರೆದು, 1968ರ ವಿದ್ಯಾರ್ಥಿ ದಂಗೆಯ ದಿನಗಳಲ್ಲಿ ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಫೂಕೋ ಜೊತೆ ತಾವು ನಾಲ್ಕು ಮಾತಾಡಿದ್ದಾಗಿಯೂ, ಮಾತಾಡುತ್ತಿರುವವರು ಯಾರೆಂದು ಫೂಕೋಗೆ ತಿಳಿಯಲಿಲ್ಲವೆಂದೂ ನೆನೆದರು. ಆ ಸಮಯದಲ್ಲಿ ಫೂಕೋ ಅಲ್ಲಿ ಇರಲೇ ಇಲ್ಲವೆಂದು ಇತರರು ತಮಗೆ ಹೇಳುತ್ತಾರೆಂಬುದನ್ನೂ ಅಲ್ಲಿಯೇ ಸೇರಿಸಿದರು.

ಪ್ರಶ್ನೆ: “ಹೆಸರಿಡುವುದೆಂದರೆ ಕೊಲ್ಲುವುದು” ಎಂಬರ್ಥದ ಮಾತು ಬ್ಲಾಂಶೋ ಅವರದೆಂದು ಕೇಳಿದ್ದೇನೆ. ಇದು ಅತಿಶಯೋಕ್ತಿಯಲ್ಲವೇ?

ಉತ್ತರ: ಈ ವಿಚಾರ ಬರುವುದು ‘ಸಾಹಿತ್ಯ ಮತ್ತು ಸಾವಿನ ಹಕ್ಕು’ ಎಂಬ ಪ್ರಬಂಧದಲ್ಲಿ. ಅದು ಮೊದಲು ‘ಕ್ರಿತಿಕ್’ ಪತ್ರಿಕೆಯಲ್ಲಿ ಎರಡು ಭಾಗಗಳಾಗಿ ಬಂದು, 1949ರ ಸಂಕಲನವೊಂದರ ಕೊನೆಯಲ್ಲಿ ಸೇರಿತು. ಹಿನ್ನೆಲೆಯಲ್ಲಿ ಇಬ್ಬರಿದ್ದಾರೆ. ಒಬ್ಬರು ಜರ್ಮನ್ ತತ್ತ್ವಜ್ಞಾನಿ ಹೆಗೆಲ್, ಅಲೆಕ್ಸಾಂದ್ರ್ ಕೊಜೆವ್ 1933ರಿಂದ 1939ರವರೆಗೆ ಪ್ಯಾರಿಸ್ಸಿನಲ್ಲಿ ಕೊಟ್ಟ ಉಪನ್ಯಾಸಗಳ ಮೂಲಕ ಒಂದು ಇಡೀ ಫ್ರೆಂಚ್ ತಲೆಮಾರು ಓದಿಕೊಂಡ ಹೆಗೆಲ್. ಇನ್ನೊಬ್ಬರು ಫ್ರೆಂಚ್ ತತ್ತ್ವಜ್ಞಾನಿ, ಲೇಖಕ ಸಾರ್ತ್ರ. ಸಾಹಿತ್ಯ ಎಂದರೇನು ಎಂದು 1947ರಲ್ಲಿ ಕೇಳಿದ ಸಾರ್ತ್ರ, ಗದ್ಯ ಬರೆಯುವವನು ಮಾತನ್ನು ಸಾಧನವಾಗಿ ಬಳಸುತ್ತಾನೆ, ಆದ್ದರಿಂದ ತನ್ನ ಕಾಲಕ್ಕೆ ಬದ್ಧನಾಗಿರಬೇಕು ಎಂದಿದ್ದರು. ಬ್ಲಾಂಶೋ ಆ ಬೇಡಿಕೆಯನ್ನು ನೇರವಾಗಿ ವಿರೋಧಿಸುವುದಿಲ್ಲ. ಮಾತು ಅಂಥ ವಿಧೇಯ ಸಾಧನವೇ ಎಂಬ ಹಿಂದಿನ ಪ್ರಶ್ನೆಗೆ ಹೋಗುತ್ತಾರೆ.

ಆದಾಮನು ಪ್ರಾಣಿಗಳಿಗೆ ಹೆಸರಿಟ್ಟು ಅವುಗಳ ಒಡೆಯನಾದ, ಆ ಮೂಲಕ ಅವುಗಳ ಇರವನ್ನೇ ಅಳಿಸಿದ ಎಂಬ ಹೆಗೆಲ್ ಅವರ ಮಾತನ್ನು ಬ್ಲಾಂಶೋ ಎತ್ತಿಕೊಳ್ಳುತ್ತಾರೆ. ನಾನು ‘ಬೆಕ್ಕು’ ಎಂದಾಗ ಕೇಳುವವರಿಗೆ ತಲುಪುವುದು ಬೆಕ್ಕೆಂಬ ಕಲ್ಪನೆಯೇ ಹೊರತು ಈ ಮೂಲೆಯಲ್ಲಿ ಈ ಕ್ಷಣ ಮಲಗಿರುವ, ಮೈ ಬೆಚ್ಚಗಿರುವ ಜೀವವಲ್ಲ. ಆ ಬೆಕ್ಕು ಇಲ್ಲದಾಗಲೂ, ಸತ್ತ ಮೇಲೂ, ನಾನೇ ಸತ್ತ ಮೇಲೂ ಈ ಪದ ಕೆಲಸ ಮಾಡುತ್ತದೆ. ಹಾಗೆ ಕೆಲಸ ಮಾಡಬಲ್ಲದೆಂಬುದೇ ಅದನ್ನು ಪದವಾಗಿಸಿದೆ. ಆದ್ದರಿಂದ ಯಾವ ಮಾತಿನಲ್ಲಿಯೂ ವಸ್ತುವಿನ ಗೈರುಹಾಜರಿ ಮೊದಲೇ ಅಡಗಿದೆ. ಇದರ ಅರ್ಥ ಮಾತಾಡಿದವರೆಲ್ಲ ಕೊಲೆಗಡುಕರು ಎಂದಲ್ಲ, ಮತ್ತು ಬ್ಲಾಂಶೋ ಸ್ವತಃ ಅದನ್ನು ಸ್ಪಷ್ಟಪಡಿಸುತ್ತಾರೆ: ಯಾವುದನ್ನು ಹೆಸರಿಸುತ್ತೇನೆಯೋ ಅದು ನಿಜವಾಗಿಯೂ ಸಾಯಬಲ್ಲದ್ದಾಗಿರದಿದ್ದರೆ, ಅದನ್ನು ಅದರ ಇರವಿನಿಂದ ಬೇರ್ಪಡಿಸಿ ಅರ್ಥವನ್ನಾಗಿಸಲು ಮಾತಿಗೆ ಆಗುತ್ತಲೇ ಇರಲಿಲ್ಲ. ಸಾವು ಮಾತಿನ ಮೂಲಕ ಲೋಕಕ್ಕೆ ಬರುವುದಿಲ್ಲ. ಸಾವು ಇರುವುದರಿಂದಲೇ ಮಾತು ಸಾಧ್ಯವಾಗಿದೆ.

ಪ್ರಬಂಧದ ಸಾರವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಬ್ಲಾಂಶೋ ಅವರ ಸ್ವಂತ ವಿಚಾರ ಶುರುವಾಗುವುದು ಇದರ ನಂತರ. ದಿನನಿತ್ಯದ ಮಾತು ಈ ನಷ್ಟವನ್ನು ಗಮನಿಸದೆ, ಕಲ್ಪನೆ ಸಿಕ್ಕಿತೆಂದು ತೃಪ್ತಿಪಟ್ಟು ಮುಂದೆ ಸಾಗುತ್ತದೆ. ಸಾಹಿತ್ಯಕ್ಕೆ ಆ ತೃಪ್ತಿ ಇಲ್ಲ. ಹೆಸರಿಡುವ ಮೊದಲು ಇದ್ದದ್ದು ಯಾವುದು, ಬೆಳಕಿಗೆ ತಂದಾಗ ಕಳೆದುಹೋದ ಕತ್ತಲು ಯಾವುದು ಎಂದು ಅದು ಹುಡುಕುತ್ತದೆ. ಹುಡುಕಲು ಅದರ ಬಳಿ ಇರುವುದು ಮತ್ತದೇ ಪದಗಳು. ಹೀಗಾಗಿ ಅದು ಪದವನ್ನೇ ಒಂದು ವಸ್ತುವಾಗಿಸಲು ಹೊರಡುತ್ತದೆ: ಪದದ ನಾದ, ತೂಕ, ಲಯ, ಹಾಳೆಯ ಮೇಲಿನ ಅದರ ಗುರುತು. ಒಂದು ಕಡೆ ಎಲ್ಲವನ್ನೂ ಅರ್ಥವಾಗಿ ಕರಗಿಸುವ ಗದ್ಯದ ಇಳಿಜಾರು, ಇನ್ನೊಂದು ಕಡೆ ಅರ್ಥಕ್ಕೆ ಸಿಗದ ಇರವಿನತ್ತ ಜಾರುವ ಕಾವ್ಯದ ಇಳಿಜಾರು. ಯಾವ ಕೃತಿಯೂ ಇವೆರಡರಲ್ಲಿ ಒಂದರ ಮೇಲೆ ಸ್ಥಿರವಾಗಿ ನಿಲ್ಲಲಾರದು, ಮತ್ತು ತಾನು ಯಾವುದರ ಮೇಲಿದ್ದೇನೆಂದು ಬರೆಯುವವನಿಗೂ ನಿಶ್ಚಯವಾಗಿ ತಿಳಿಯದು. ಬದ್ಧತೆಯ ಸಾಹಿತ್ಯವನ್ನು ಬೇಡುವವರಿಗೆ ಬ್ಲಾಂಶೋ ಕೊಟ್ಟ ಉತ್ತರ ಇದೇ ಎಂದು ನನ್ನ ತಿಳಿವಳಿಕೆ.

ಪ್ರಶ್ನೆ: ಆರ್ಫಿಯಸ್ ತಿರುಗಿ ನೋಡಿದ್ದು ತಪ್ಪಲ್ಲ ಎಂದು ಬ್ಲಾಂಶೋ ವಾದಿಸುತ್ತಾರಂತೆ. ಹಾಗಾದರೆ ಪುರಾಣದ ನೀತಿಯನ್ನೇ ಅವರು ತಲೆಕೆಳಗು ಮಾಡಿದರೇ?

ಉತ್ತರ: ತಪ್ಪೇ ಅಲ್ಲ ಎಂದು ಅವರು ಹೇಳುವುದಿಲ್ಲ. ಆ ತಪ್ಪಿಲ್ಲದೆ ಕೃತಿ ಹುಟ್ಟುವುದಿಲ್ಲ ಎನ್ನುತ್ತಾರೆ. ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಸತ್ತ ಹೆಂಡತಿ ಯೂರಿಡಿಸಿಯನ್ನು ಮರಳಿ ತರಲು ಪಾತಾಳಕ್ಕೆ ಇಳಿಯುತ್ತಾನೆ. ಅವನ ಹಾಡಿಗೆ ಅಲ್ಲಿನ ದೇವತೆಗಳೂ ಮಣಿದು, ಮೇಲೆ ತಲುಪುವವರೆಗೆ ಹಿಂತಿರುಗಿ ನೋಡಬಾರದೆಂಬ ಒಂದೇ ಷರತ್ತಿನ ಮೇಲೆ ಅವಳನ್ನು ಕಳುಹಿಸಿಕೊಡುತ್ತಾರೆ. ಅವನು ನೋಡಿಬಿಡುತ್ತಾನೆ, ಅವಳು ಎರಡನೆಯ ಬಾರಿ ಇಲ್ಲವಾಗುತ್ತಾಳೆ. 1955ರ ‘ಸಾಹಿತ್ಯದ ಆವರಣ’ ಎಂಬರ್ಥದ ಹೆಸರಿನ ಪುಸ್ತಕದ ಕೇಂದ್ರ ಈ ಕೆಲವೇ ಪುಟಗಳು ಎಂದು ಬ್ಲಾಂಶೋ ಪುಸ್ತಕದ ಆರಂಭದ ಟಿಪ್ಪಣಿಯಲ್ಲಿ ತಾವೇ ಸೂಚಿಸಿದ್ದಾರೆ.

ಅವರ ವಾದ ಹೀಗಿದೆ. ಯೂರಿಡಿಸಿಯನ್ನು ಹಗಲಿಗೆ ತಂದು ಅವಳಿಗೆ ರೂಪ ಕೊಡುವುದು ಕೃತಿಯ ಕೆಲಸ, ಅದಕ್ಕೆ ಸಂಯಮ ಬೇಕು. ಆದರೆ ಆರ್ಫಿಯಸ್ ಪಾತಾಳಕ್ಕೆ ಇಳಿದದ್ದು ಹಗಲಿನ ಯೂರಿಡಿಸಿಗಾಗಿ, ಮನೆಯ ಹಳೆಯ ಸಂಸಾರಕ್ಕಾಗಿ ಅಲ್ಲ. ಕತ್ತಲಲ್ಲಿ, ದೂರದಲ್ಲಿ, ಮುಚ್ಚಿದ ಮುಖದಲ್ಲಿ ಅವಳು ಹೇಗಿದ್ದಾಳೋ ಹಾಗೆಯೇ ನೋಡಲು ಅವನು ಬಯಸುತ್ತಾನೆ. ಷರತ್ತು ಪಾಲಿಸಿದ್ದರೆ ಕೃತಿ ಉಳಿಯುತ್ತಿತ್ತು, ಆದರೆ ಯಾವುದಕ್ಕಾಗಿ ಕೃತಿ ಬೇಕಾಗಿತ್ತೋ ಅದಕ್ಕೆ ದ್ರೋಹವಾಗುತ್ತಿತ್ತು. ತಿರುಗಿ ನೋಡಿದಾಗ ಕೃತಿಯೇ ಹಾಳಾಗುತ್ತದೆ. ಸ್ಫೂರ್ತಿ ಎಂದು ಬ್ಲಾಂಶೋ ಕರೆಯುವುದು ಈ ಹಾಳುಗೆಡಹುವ ನೋಟವನ್ನೇ. ಅಸಹನೆ ಆರ್ಫಿಯಸ್‌ನ ದೋಷವೆಂದು ಒಪ್ಪಿಕೊಂಡೇ ಅವರು, ನಿಜವಾದ ಸಹನೆಯ ಒಳಗೆ ಆ ಅಸಹನೆಯೂ ಇರಬೇಕು ಎನ್ನುತ್ತಾರೆ. ಬರೆಯುತ್ತಿರುವ ಅಧ್ಯಾಯ ಕೈಗೆ ಬಂತೆನ್ನುವಾಗಲೇ ಅದನ್ನು ಹರಿದುಹಾಕಬೇಕೆನಿಸುವ ಲೇಖಕರಿಗೆ ಇದರಲ್ಲಿ ಗೂಢವೇನೂ ಕಾಣಲಿಕ್ಕಿಲ್ಲ.

ನನಗೆ ಇಲ್ಲೊಂದು ತಕರಾರಿದೆ. ಈ ಇಡೀ ವ್ಯಾಖ್ಯಾನದಲ್ಲಿ ಯೂರಿಡಿಸಿಗೆ ಬಾಯಿಲ್ಲ, ಬಯಕೆಯಿಲ್ಲ. ಹೆಸರಿಡುವುದರ ಕುರಿತ ಪ್ರಬಂಧದಲ್ಲಿಯೂ ಅವರು ಕೊಡುವ ಉದಾಹರಣೆ ‘ಈ ಹೆಂಗಸು’ ಎಂಬುದು. 1948ರ ಅವರ ಪ್ರಸಿದ್ಧ ನೀಳ್ಗತೆ ‘ಮರಣದಂಡನೆ’ಯಲ್ಲಿಯೂ ಗಂಡಸು ನಿರೂಪಕ, ಸಾಯುವವಳು ಹೆಣ್ಣು. ಕೃತಿಕಾರನು ಕರಗಿಹೋಗಬೇಕೆಂದು ಅಷ್ಟು ಕಟ್ಟುನಿಟ್ಟಾಗಿ ಹೇಳಿದವರಿಗೆ, ಪ್ರತಿ ಸಲ ಮೊದಲು ಕರಗುತ್ತಿರುವವರು ಯಾರೆಂಬುದು ಹೊಳೆಯದೆ ಹೋದದ್ದು ವಿಚಿತ್ರ.

ಪ್ರಶ್ನೆ: “ಲೇಖಕನ ಸಾವು” ಎಂದ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಅವರಿಗಿಂತ ಮೊದಲೇ ಬ್ಲಾಂಶೋ ಅದನ್ನು ಹೇಳಿದ್ದರೇ?

ಉತ್ತರ: ಕಾಲದ ಲೆಕ್ಕದಲ್ಲಿ ಮೊದಲು, ಬಾರ್ತ್ ಅವರ ಪ್ರಬಂಧ ಬಂದದ್ದು 1967ರಲ್ಲಿ. ಆದರೆ ಇಬ್ಬರೂ ಹೇಳಿದ್ದು ಒಂದೇ ಅಲ್ಲ. ಬಾರ್ತ್ ಲೇಖಕನನ್ನು ಇಳಿಸಿ ಆ ಪೀಠದಲ್ಲಿ ಓದುಗನನ್ನು ಕೂರಿಸುತ್ತಾರೆ, ಹಾಗಾಗಿ ಅವರ ಬರಹದಲ್ಲಿ ಒಂದು ಉತ್ಸಾಹವಿದೆ. ಬ್ಲಾಂಶೋ ಯಾರನ್ನೂ ಕೂರಿಸುವುದಿಲ್ಲ. ‘ನಾನು’ ಎಂಬ ಜಾಗಕ್ಕೆ ‘ಅವನು’ ಬಂದಾಗ ತಾನು ಸಾಹಿತ್ಯದೊಳಗೆ ಕಾಲಿಟ್ಟೆನೆಂದು ಕಾಫ್ಕಾ ಕಂಡುಕೊಂಡರೆಂಬುದನ್ನು ಅವರು ಮತ್ತೆ ಮತ್ತೆ ನೆನೆಯುತ್ತಾರೆ. ಆ ‘ಅವನು’ ಯಾವ ವ್ಯಕ್ತಿಯೂ ಅಲ್ಲ, ಯಾರದೂ ಅಲ್ಲದ ಒಂದು ದನಿ.

ಪ್ರಶ್ನೆ: ಬ್ಲಾಂಶೋ ಯೌವನದಲ್ಲಿ ತೀವ್ರ ಬಲಪಂಥೀಯ ಪತ್ರಿಕೆಗಳಲ್ಲಿ ಬರೆಯುತ್ತಿದ್ದರೆಂಬುದು ನಿಜವೇ? ನಿಜವಾದರೆ, ಅವರ ಮೌನದ ತತ್ತ್ವವೆಲ್ಲ ಆ ಹಳೆಯ ಬರಹಗಳನ್ನು ಮುಚ್ಚುವ ಹೊದಿಕೆ ಎಂದು ಭಾವಿಸಬಾರದೇಕೆ?

ಉತ್ತರ: ನಿಜ. 1930ರ ದಶಕದಲ್ಲಿ ಅವರು ‘ಜುರ್ನಾಲ್ ದೆ ದೆಬಾ’ ಎಂಬ ಹಳೆಯ ಸಂಪ್ರದಾಯನಿಷ್ಠ ದಿನಪತ್ರಿಕೆಯ ಸಂಪಾದಕ ವರ್ಗದಲ್ಲಿ ದುಡಿಯುತ್ತ, ಅದಕ್ಕಿಂತ ಉಗ್ರವಾದ ರಾಷ್ಟ್ರವಾದಿ ಪತ್ರಿಕೆಗಳಿಗೂ ಬರೆಯುತ್ತಿದ್ದರು. ಸಮಾಜವಾದಿ ನಾಯಕ ಲಿಯಾನ್ ಬ್ಲುಮ್ ಅವರ ಸರ್ಕಾರ ಅಧಿಕಾರಕ್ಕೆ ಬಂದ 1936ರಲ್ಲಿ, ‘ಕೊಂಬಾ’ ಎಂಬ ಮಾಸಿಕದಲ್ಲಿ ಭಯೋತ್ಪಾದನೆಯೇ ಜನಹಿತದ ಮಾರ್ಗ ಎಂಬ ಅರ್ಥದ ಶೀರ್ಷಿಕೆಯಡಿ ಲೇಖನ ಬರೆದರು. (ಮುಂದೆ ಕಾದಂಬರಿಕಾರ ಕಮೂ ನಡೆಸಿದ ಪತ್ರಿಕೆಗೂ ಇದೇ ಹೆಸರಿತ್ತು, ಎರಡಕ್ಕೂ ಸಂಬಂಧವಿಲ್ಲ.) 1937ರಲ್ಲಿ ‘ಲ್ಯಾಂಸ್ಯೂರ್ಜೆ’ ವಾರಪತ್ರಿಕೆಯಲ್ಲಿ ಬ್ಲುಮ್ ಅವರ ಮೇಲೆ ಮಾಡಿದ ದಾಳಿಗಳಲ್ಲಿ ಅವರ ಯಹೂದಿ ಮೂಲವನ್ನು ಚುಚ್ಚುವ ಮಾತುಗಳಿವೆ. ಅದೇ ಬ್ಲಾಂಶೋ 1933ರಲ್ಲಿ ಜರ್ಮನಿಯ ಯಹೂದಿಗಳ ಮೇಲೆ ನಡೆದ ಹಿಂಸೆಯನ್ನು ಖಂಡಿಸಿದ್ದರು, ಹಿಟ್ಲರ್‌ನ ವಿರುದ್ಧ ಬರೆದಿದ್ದರು. ಅವರ ಅತ್ಯಂತ ಹತ್ತಿರದ ಗೆಳೆಯ ಯಹೂದಿ. ಇವು ಒಂದನ್ನೊಂದು ರದ್ದುಮಾಡುವ ಸಂಗತಿಗಳಲ್ಲ, ಒಂದೇ ಮನುಷ್ಯನಲ್ಲಿ ಒಟ್ಟಿಗಿದ್ದವು.

1937ರ ಕೊನೆಯ ಹೊತ್ತಿಗೆ ಆ ಬಗೆಯ ರಾಜಕೀಯ ಲೇಖನಗಳು ನಿಂತವು. 1940ರಲ್ಲಿ ಲೆವಿನಾಸ್ ಜರ್ಮನರ ಕೈಯಲ್ಲಿ ಯುದ್ಧಕೈದಿಯಾದಾಗ, ಅವರ ಹೆಂಡತಿ ಮತ್ತು ಮಗಳು ಅಡಗಿ ಉಳಿಯಲು ಬ್ಲಾಂಶೋ ತಮ್ಮ ಪ್ಯಾರಿಸ್ಸಿನ ಮನೆಯನ್ನು ಬಿಟ್ಟುಕೊಟ್ಟು ನೆರವಾದರು. ಸಿಕ್ಕಿಬಿದ್ದರೆ ಪರಿಣಾಮವೇನೆಂದು ಗೊತ್ತಿದ್ದೇ ಮಾಡಿದ ಕೆಲಸವದು. ಅದೇ ವರ್ಷದ ಕೊನೆಯಲ್ಲಿ ಲೇಖಕ, ಚಿಂತಕ ಜಾರ್ಜ್ ಬತಾಯ್ ಅವರ ಪರಿಚಯವಾಯಿತು, ಅದು ಅವರ ಚಿಂತನೆಯ ದಿಕ್ಕನ್ನೇ ಬದಲಿಸಿತು. 1958ರಲ್ಲಿ ಜನರಲ್ ದ ಗಾಲ್ ಫ್ರಾನ್ಸಿನ ಅಧಿಕಾರಕ್ಕೆ ಮರಳಿದ ರೀತಿಯನ್ನು ವಿರೋಧಿಸಿ ಬ್ಲಾಂಶೋ ಮತ್ತೆ ಸಾರ್ವಜನಿಕ ವಿಷಯಗಳಿಗೆ ಬಂದರು, ಈ ಸಲ ಎಡಪಂಥದ ಪಕ್ಕದಲ್ಲಿ. ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದ ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸುವವರ ಹಕ್ಕನ್ನು ಎತ್ತಿಹಿಡಿದ 1960ರ ‘121 ಮಂದಿಯ ಘೋಷಣೆ’ಯ ಕರಡನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಸರ್ಕಾರದ ಅಡ್ಡಿಯಿಂದಾಗಿ ಅದು ಪ್ರಕಟವಾಗಬೇಕಿದ್ದ ಪುಟಗಳನ್ನು ಸಾರ್ತ್ರ ಅವರ ಪತ್ರಿಕೆ ಖಾಲಿ ಬಿಟ್ಟಿತು. 1968ರಲ್ಲಿ ವಿದ್ಯಾರ್ಥಿ-ಲೇಖಕರ ಕ್ರಿಯಾ ಸಮಿತಿಗೆ ಅವರು ಬರೆದ ಬರಹಗಳಿಗೆ ಯಾರ ಸಹಿಯೂ ಇರಲಿಲ್ಲ.

ಇನ್ನು ಪ್ರಶ್ನೆಯ ಎರಡನೆಯ ಭಾಗ. ಮೌನದ ತತ್ತ್ವವನ್ನು ಬರೀ ಹೊದಿಕೆ ಎಂದರೆ, ಮಲಾರ್ಮೆ, ಕಾಫ್ಕಾ, ರಿಲ್ಕೆಯಂಥ ಲೇಖಕರನ್ನು ದಶಕಗಳ ಕಾಲ ಓದಿ ಹಂತಹಂತವಾಗಿ ಕಟ್ಟಿದ ಒಂದು ವಿಚಾರವನ್ನು ಕಾರಣವಿಲ್ಲದೆ ಎಸೆದಂತಾಗುತ್ತದೆ. ಹಾಗೆಂದು ಆ ತತ್ತ್ವ ಅವರಿಗೆ ವಿನಾಯಿತಿಯನ್ನೂ ಕೊಡದು. ಕಾದಂಬರಿಯೊಂದು ತನ್ನ ಕರ್ತೃವಿನಿಂದ ಬಿಡುಗಡೆ ಪಡೆಯಬಹುದು. ಒಬ್ಬ ಪ್ರಧಾನಿಯ ವಿರುದ್ಧ ಜನರನ್ನು ಕೆರಳಿಸಲು ಸಹಿ ಹಾಕಿ ಬರೆದ ಪತ್ರಿಕಾ ಲೇಖನಕ್ಕೆ ಆ ಬಿಡುಗಡೆ ಇಲ್ಲ. ಹಳೆಯ ಲೇಖನಗಳು 1970ರ ದಶಕದ ಉತ್ತರಾರ್ಧದಿಂದ ಚರ್ಚೆಗೆ ಬಂದಾಗ, ಕೆಲವು ಖಾಸಗಿ ಪತ್ರಗಳನ್ನು ಬಿಟ್ಟರೆ, ಅವರು ಪೂರ್ಣವಾದ ಸಾರ್ವಜನಿಕ ವಿವರಣೆ ಕೊಡಲಿಲ್ಲ. 1988ರಲ್ಲಿ ಅದೇ ಬ್ಲಾಂಶೋ ಹೈಡೆಗರ್ ಅವರ ಬಗ್ಗೆ ಬರೆಯುತ್ತ, ಯಹೂದಿಗಳ ಸಾಮೂಹಿಕ ಹತ್ಯೆಯ ವಿಷಯದಲ್ಲಿ ತಳೆದ ಮೌನವೇ ಅವರ ಸರಿಪಡಿಸಲಾಗದ ತಪ್ಪು ಎಂದರು. ಹೈಡೆಗರ್ ಅವರ ನಾಜಿ ಪಕ್ಷ ಸದಸ್ಯತ್ವಕ್ಕೂ ಬ್ಲಾಂಶೋ ಅವರ ಪತ್ರಿಕೋದ್ಯಮಕ್ಕೂ ಬಹಳ ಅಂತರವಿದೆ, ನಿಜ. ಬ್ಲಾಂಶೋ ಅವರ ನಂತರದ ಬರಹದಲ್ಲಿ ಆ ಹತ್ಯೆಯ ನೆನಪು ಎಲ್ಲ ಚಿಂತನೆಯ ಅಳತೆಗೋಲಾಗಿ ನಿಂತಿದೆ ಎಂಬುದೂ ನಿಜ. ಆದರೆ ಮೌನವನ್ನು ಅಪರಾಧವೆಂದು ಹೆಸರಿಸಬಲ್ಲವರು ತಮ್ಮ ಮೌನದ ಬಗ್ಗೆ ಎರಡು ಪುಟ ಬರೆದಿದ್ದರೆ ಅವರ ಓದುಗರಿಗೆ ಅದು ನ್ಯಾಯವಾಗುತ್ತಿತ್ತು.

ಪ್ರಶ್ನೆ: ಸೈನಿಕರು ಅವರನ್ನು ಗುಂಡಿಕ್ಕಲು ನಿಲ್ಲಿಸಿದ್ದರೆಂದು ಓದಿದೆ. ಸಾವಿನ ಕುರಿತ ಅವರ ವಿಚಾರಕ್ಕೆ ಆ ಅನುಭವವೇ ಮೂಲವೇ?

ಉತ್ತರ: 1994ರಲ್ಲಿ, ಇಳಿವಯಸ್ಸಿನಲ್ಲಿ, ಅವರು ‘ನನ್ನ ಸಾವಿನ ಕ್ಷಣ’ ಎಂಬ ಕೆಲವೇ ಪುಟಗಳ ಕಥನವನ್ನು ಪ್ರಕಟಿಸಿದರು. 1944ರ ಬೇಸಿಗೆಯಲ್ಲಿ ಜರ್ಮನ್ ಪಡೆಯ ಅಧಿಕಾರಿಯೊಬ್ಬ ಒಂದು ದೊಡ್ಡ ಮನೆಗೆ ನುಗ್ಗಿ, ಅಲ್ಲಿದ್ದ ತರುಣನನ್ನು ಗುಂಡಿಕ್ಕಲು ಗೋಡೆಗೆ ನಿಲ್ಲಿಸುತ್ತಾನೆ. ಅಷ್ಟರಲ್ಲಿ ಹತ್ತಿರದಲ್ಲಿ ಕದನದ ಸದ್ದಾಗಿ ಅಧಿಕಾರಿ ಅತ್ತ ಸರಿದಾಗ, ಸೈನಿಕರಲ್ಲೊಬ್ಬ ತಾವು ಜರ್ಮನರಲ್ಲ, ರಷ್ಯನ್ನರು ಎಂದು ಹೇಳಿ ಓಡಿಹೋಗುವಂತೆ ಸನ್ನೆ ಮಾಡುತ್ತಾನೆ. ಆ ಊರಿನ ಮೂವರು ರೈತ ಯುವಕರನ್ನು ಮಾತ್ರ ಕೊಲ್ಲಲಾಗುತ್ತದೆ, ಹೊಲಮನೆಗಳನ್ನು ಸುಡಲಾಗುತ್ತದೆ. ಸಿರಿವಂತರ ಬಂಗಲೆ ಉಳಿಯುತ್ತದೆ. ಕಥನ ‘ಒಬ್ಬ ತರುಣ’ ಎಂದೇ ಹೇಳುತ್ತದೆ, ಶೀರ್ಷಿಕೆ ‘ನನ್ನ’ ಎನ್ನುತ್ತದೆ. ಐವತ್ತು ವರ್ಷಗಳ ಹಿಂದೆ ಹೆಚ್ಚುಕಡಿಮೆ ಗುಂಡಿಗೆ ಬಲಿಯಾಗಲಿದ್ದ ಸಂತೋಷವನ್ನು ತಾವು ಅನುಭವಿಸಿದ್ದಾಗಿ ಅದೇ ವರ್ಷದ ಜುಲೈ ತಿಂಗಳಲ್ಲಿ ಡೆರಿಡಾ ಅವರಿಗೆ ಪತ್ರ ಬರೆದರು. ಡೆರಿಡಾ ಮುಂದೆ ಈ ಪುಟ್ಟ ಕಥನದ ಮೇಲೆಯೇ ಒಂದು ಪುಸ್ತಕ ಬರೆದರು.

ಹಾಗಿದ್ದರೂ ಇದನ್ನೇ ಮೂಲವೆಂದರೆ ತಪ್ಪಾಗುತ್ತದೆ. ಸಾವು ಮನುಷ್ಯನ ಅತ್ಯಂತ ಸ್ವಂತದ ಸಾಧ್ಯತೆ ಎಂದು ಹೈಡೆಗರ್ ಹೇಳಿದ್ದರು. ಬ್ಲಾಂಶೋ ಅದಕ್ಕೆದುರಾಗಿ, ಸಾಯುವ ಅನುಭವ ಯಾವ ‘ನಾನು’ವಿಗೂ ದಕ್ಕುವುದಿಲ್ಲ, ಅದು ಬರುವಾಗ ಅದನ್ನು ತನ್ನದೆನ್ನಲು ಯಾರೂ ಉಳಿದಿರುವುದಿಲ್ಲ ಎಂದರು. ಈ ವಿಚಾರದ ಬೀಜ ಅವರ ಮೊದಲ ಕಾದಂಬರಿಯಲ್ಲಿಯೇ ಇದೆ, ಅದು ಅಚ್ಚಾದದ್ದು 1941ರಲ್ಲಿ, ಅಂದರೆ ಗೋಡೆಗೆ ನಿಲ್ಲಿಸಿದ ದಿನಕ್ಕಿಂತ ಮೂರು ವರ್ಷ ಮೊದಲು. ಕಥನದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ: ಪಾರಾದವನಿಗೆ ಉಳಿಯುವುದು ತಾನು ಬದುಕಿದ್ದು ತನ್ನ ವರ್ಗದ ಕಾರಣಕ್ಕೆ ಎಂಬ ಅನ್ಯಾಯದ ಯಾತನೆ. ಅವರ ತಾತ್ತ್ವಿಕ ಪ್ರಬಂಧಗಳಲ್ಲಿ ಅಷ್ಟು ಬರಿಯ ಮಾತು ಸಿಗುವುದು ಕಡಿಮೆ.

ಪ್ರಶ್ನೆ: ಯಾವ ಪುಸ್ತಕದಿಂದ ಓದಲು ಆರಂಭಿಸಬೇಕು? ಅರ್ಥವಾಗುವಂಥದ್ದೇನಾದರೂ ಇದೆಯೇ?

ಉತ್ತರ: ಮೊದಲ ಕಾದಂಬರಿಗಳನ್ನು ಸದ್ಯಕ್ಕೆ ಬದಿಗಿಡಿ. 1942ರ ‘ಅಮಿನಾದಾಬ್’ ಕಾಫ್ಕಾರನ್ನು ತುಂಬಾ ಹೋಲುತ್ತದೆಂದು ಸಾರ್ತ್ರ ಮರುವರ್ಷವೇ ದೀರ್ಘವಾಗಿ ಬರೆದಿದ್ದರು, ಆ ತೀರ್ಪು ಇಂದಿಗೂ ಸರಿ ಎನಿಸುತ್ತದೆ. ‘ಸಾಹಿತ್ಯದ ಆವರಣ’ದಲ್ಲಿ ಕಾಫ್ಕಾ ಕುರಿತ ಭಾಗವನ್ನು, ಅದರ ಬೆನ್ನಿಗೆ ಆರ್ಫಿಯಸ್ ಪುಟಗಳನ್ನು ಓದಬಹುದು. 1959ರ ‘ಬರಲಿರುವ ಪುಸ್ತಕ’ ಸಂಕಲನದ ಆರಂಭದಲ್ಲಿ ಗ್ರೀಕ್ ಮಹಾಕಾವ್ಯದ ನಾಯಕ ಯುಲಿಸಿಸ್ ಕೇಳಿದ ಜಲಕನ್ಯೆಯರ ಹಾಡಿನ ಬಗ್ಗೆ ಇರುವ ಪ್ರಬಂಧ ಅವರ ಬರಹಗಳಲ್ಲೆಲ್ಲ ಹೆಚ್ಚು ಆಪ್ತವಾದದ್ದು. ಕಥನ ಬೇಕೆನ್ನುವವರು ಮೇಲೆ ಹೇಳಿದ 1948ರ ನೀಳ್ಗತೆಯನ್ನು ಹಿಡಿಯಲಿ. ಹಿಟ್ಲರ್‌ನ ಬೇಡಿಕೆಗಳಿಂದ ಯುರೋಪು ಯುದ್ಧದ ಅಂಚಿಗೆ ಬಂದಿದ್ದ 1938ರ ಮ್ಯೂನಿಕ್ ಬಿಕ್ಕಟ್ಟಿನ ದಿನಗಳಲ್ಲಿ ನಡೆಯುವ ಆ ಕಥೆಯನ್ನು ಕಥೆಗಾರ್ತಿ ಲಿಡಿಯಾ ಡೇವಿಸ್ 1978ರಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ಬಿಡಿ ಟಿಪ್ಪಣಿಗಳ ರೂಪದಲ್ಲಿರುವ 1980ರ ‘ವಿನಾಶದ ಬರಹ’ವನ್ನು ಮಾತ್ರ ಮೊದಲಿಗೆ ತೆರೆಯಬೇಡಿ. ಲೆವಿನಾಸ್ ಅವರ ಒಂದೆರಡು ಪ್ರಬಂಧಗಳನ್ನಾದರೂ ಓದಿರದಿದ್ದರೆ ಅದರ ಅರ್ಧ ಮಾತುಗಳು ಯಾರಿಗೆ ಹೇಳಿದ್ದೆಂಬುದೇ ತಿಳಿಯುವುದಿಲ್ಲ.